ಚುಕ್ಕಿ ಇಲ್ಲದ ಮನೆ

ನಮ್ಮೂರ ಹೆಸರು ಹೇಳುವುದಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿದರೆ ಸಿಗುತ್ತದೆ, ಅಷ್ಟು ಸಾಕು. ಅಲ್ಲಿ ಇನ್ನೂ ಲಗ್ನವಾಗಬೇಕಾದ ಹುಡುಗಿಯರಿದ್ದಾರೆ. ನಾರಿನ ಊರು ಅಂತ ಮತ್ತೆ ಹೆಸರು ಹಚ್ಚಿಕೊಡುವ ಪಾಪ ನನಗೆ ಬೇಡ.

ನಾರು ಅಂದರೇನು ಎಂದು ಈಗಿನವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ಅವರ ಪುಣ್ಯ. ಮೊದಲು ಕಾಲ ಮೇಲೆ ಒಂದು ಗುಳ್ಳೆ ಏಳುತ್ತದೆ, ಕೆಂಡ ಇಟ್ಟಷ್ಟು ಉರಿ. ಗುಳ್ಳೆ ಒಡೆದ ಮೇಲೆ ಒಳಗಿನಿಂದ ಬಿಳಿ ದಾರದ ತುದಿಯೊಂದು ಇಣುಕುತ್ತದೆ. ಅದು ದಾರವಲ್ಲ, ಹುಳ. ಮೊಳಕ್ಕಿಂತ ಉದ್ದ, ಜೀವ ಇರುವಂಥದು. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕೊಳೆಯುತ್ತದೆ. ಅದಕ್ಕೆ ಜೋಳದ ದಂಟಿನ ಸೀಳಿಗೆ ಅದರ ತುದಿ ಸುತ್ತಿ, ದಿನಕ್ಕೆ ಎರಡು ಬೆರಳಷ್ಟು ಮಾತ್ರ ಸುತ್ತುತ್ತಾ ಹೋಗಬೇಕು. ನಮ್ಮೂರಲ್ಲಿ ಆ ಕೆಲಸ ಮಾಡುತ್ತಿದ್ದವಳು ಶೇಖಮ್ಮ ಎಂಬ ಮುದುಕಿ. ಅವಳು ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ, ಕಾಲು ನೋಡಿಯೇ ಹೆಸರು ಹಿಡಿದು ಕರೆಯುತ್ತಿದ್ದಳು.

ನಾನು ಬಸವಂತ್ರಾಯ. ಯಾದಗಿರಿಯ ದವಾಖಾನೆಯಲ್ಲಿ ಗಾಜಿನ ಪಟ್ಟಿ ತೊಳೆಯುವ, ಸೀಸೆಗಳಿಗೆ ಚೀಟಿ ಅಂಟಿಸುವ ನೌಕರಿ ನನ್ನದು. ನಿಜಾಮನ ಆಳ್ವಿಕೆ ಮುಗಿದು ಎರಡೂವರೆ ವರ್ಷವಾಗಿತ್ತು, ಬಾಗಿಲ ಮೇಲಿನ ಫಲಕ ಮಾತ್ರ ಇನ್ನೂ ಉರ್ದುವಿನಲ್ಲೇ ಇತ್ತು. ೧೯೫೧ರ ಬೇಸಿಗೆಗೆ ಹೈದರಾಬಾದಿನಿಂದ ಡಾಕ್ಟರ್ ಪಾರ್ವತಿಬಾಯಿ ಬಂದರು. ನಾರಿನ ಮೇಲೆ ಸಂಶೋಧನೆ ಮಾಡಬೇಕು, ಅದು ಎಲ್ಲಿಂದ ಬರುತ್ತದೆ, ಹೇಗೆ ಹರಡುತ್ತದೆ ಮನೆಮನೆ ನೋಡಿ ಬರೆಯಬೇಕು ಎಂದರು. "ನಾರು ಎಲ್ಲಿ ಭಾಳ ಅದ?" ಎಂದು ಕೇಳಿದಾಗ ಹಿಂದುಮುಂದು ನೋಡದೆ ನಮ್ಮೂರ ಹೆಸರು ಹೇಳಿಬಿಟ್ಟೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ನಮ್ಮೂರಿಗೆ ಇದ್ದದ್ದು ಒಂದೇ ಬಾವಿ. ಕಲ್ಲಿನ ಮೆಟ್ಟಿಲ ಬಾವಿ. ಇಳಿದು ಮೂರನೇ ಮೆಟ್ಟಿಲಲ್ಲಿ ನಿಂತು ಕಾಲು ತೊಳೆದು, ಗಂಗವ್ವನಿಗೆ ಕೈಮುಗಿದು, ಆಮೇಲೆ ಕೊಡ ತುಂಬುವುದು ನಮ್ಮ ಪದ್ಧತಿ. ತೊಳೆಯದ ಕಾಲಲ್ಲಿ ಗಂಗವ್ವನ ಹತ್ತಿರ ಹೋಗಬಾರದು. ಕೆಳಗಿನ ಕೇರಿಯವರನ್ನು ಇಳಿಯಲು ಬಿಡುತ್ತಿರಲಿಲ್ಲ, ಅವರು ಮೇಲೆ ನಿಂತು ಹಾಕಿಸಿಕೊಳ್ಳುತ್ತಿದ್ದರು. ನಾರು ಮಾತ್ರ ಆ ಭೇದ ಮಾಡಲಿಲ್ಲ. ಬಾವಿಯ ಎದುರು ಗೋಡೆಯಲ್ಲಿ, ನೀರಿನ ಮಟ್ಟಕ್ಕೆ, ಒಬ್ಬ ಆಳು ಕೂರುವಷ್ಟು ಒಂದು ಕಮಾನಿನ ಗೂಡು ಇತ್ತು. ಒಳಗೆ ಬಾವಲಿ, ಕತ್ತಲೆ. ಅತ್ತ ಯಾರೂ ನೋಡುತ್ತಿರಲಿಲ್ಲ.

ಊರಿಗೆ ನಾರು ಬಂದದ್ದರ ಹಿಂದೆ ಒಂದು ಕತೆ ಇತ್ತು, ಅದನ್ನು ಡಾಕ್ಟರಿಗೆ ಹೇಳಿದವನು ಬಾಲಪ್ಪ. ಬಾಲಪ್ಪ ಅಂದರೆ ಊರ ಹಿರಿಯ, ಚಾವಡಿಯ ಕಟ್ಟೆ ಅವನ ಅಪ್ಪನ ಆಸ್ತಿಯೇನೋ ಎಂಬಂತೆ ಕೂರುವವನು. ೧೯೪೮ರ ಬೇಸಿಗೆ, ನಿಜಾಮನ ಕಡೆಯ ರಜಾಕಾರರ ಹಾವಳಿಯ ಕಾಲ. ಅಂಬಣ್ಣ ಎಂಬ ಹೊಳೆದಂಡೆಯ ಅಂಬಿಗ, ತಪ್ಪಿಸಿಕೊಂಡು ಓಡುವವರನ್ನು ಹರಗೋಲಿನಲ್ಲಿ ಕೃಷ್ಣೆ ದಾಟಿಸಿ ಮುಂಬೈ ಸರಹದ್ದಿನ ಕಡೆ ಕಳಿಸುತ್ತಿದ್ದ. ಅದು ಗೊತ್ತಾಗಿ ಅವನ ಬೆನ್ನು ಹತ್ತಿದರು. ಒಂದು ಸಂಜೆ ಅವನು ಕುಂಟುತ್ತಾ ನಮ್ಮೂರಿಗೆ ಬಂದು ಒಂದೊಂದೇ ಬಾಗಿಲು ತಟ್ಟಿದ. ಯಾರೂ ತೆರೆಯಲಿಲ್ಲ. ತೆರೆದರೆ ಊರನ್ನೇ ಸುಡುತ್ತಾರೆ ಎಂಬ ಭಯ. ನಮ್ಮ ಬಾಗಿಲನ್ನೂ ತಟ್ಟಿದ್ದ. ನಾನು ಒಳಗೇ ಇದ್ದೆ, ಎರಡು ಸಲ ತಟ್ಟಿ ಸುಮ್ಮನಾದದ್ದು ಈಗಲೂ ಕಿವಿಯಲ್ಲಿದೆ.

"ಅಂವ ನಮ್ಮ ಬಾವ್ಯಾಗ ಹಾರಿ ಸತ್ತಾನ್ರಿ ಬಾಯಾರ," ಎಂದ ಬಾಲಪ್ಪ. "ಆ ಬ್ಯಾಸಗ್ಯಾಗ ನಡುಮಧ್ಯಾಹ್ನ ಬಾವ್ಯಾಗಿಂದ ನರಳೋ ಸಪ್ಪಳ ಬರ್ತಿತ್ತು. ಯಾರೋ ನೀರಾಗ ಕಾಲ ಬಿಟ್ಟಂಗ, ಬುಳಕ್ ಅಂತ. ಬರೋಬ್ಬರಿ ವರ್ಷ ಆಗೂದ್ರಾಗ ಮನಿಮನಿ ನಾರು ಎದ್ದಾವ. ಬಾಗಲಾ ತೆಗೀಲಿಲ್ಲಂತ ಅಂವ ಈಗ ನಮ್ಮ ಕಾಲಾಗಿಂದ ಹೊರಗ ಬರಾಕತ್ತಾನ."

ಡಾಕ್ಟರು ನಗಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡು, "ಬರೋಬ್ಬರಿ ವರ್ಷ ಅಂದಿರೇನು?" ಎಂದು ಮತ್ತೊಮ್ಮೆ ಕೇಳಿದರು.

ಅವತ್ತೇ ಚಾವಡಿಯಲ್ಲಿ ಸೂಕ್ಷ್ಮದರ್ಶಕ ಇಟ್ಟು ಬಾವಿಯ ನೀರಿನ ಒಂದು ಹನಿ ನನಗೆ ತೋರಿಸಿದರು. ಹನಿಯೊಳಗೆ ಒಂಟಿ ಕಣ್ಣಿನ ಸಣ್ಣ ಜೀವಗಳು ಜಿಗಿಯುತ್ತಿದ್ದವು, ಅವುಗಳ ಹೊಟ್ಟೆಯೊಳಗೆ ಸುರುಳಿ ಸುತ್ತಿಕೊಂಡು ಮತ್ತೊಂದು. "ನಾರು ಎದ್ದವರು ಉರಿ ತಾಳಲಾರದ ಕಾಲು ನೀರಾಗ ಇಡ್ತಾರ. ಹುಳ ಅಲ್ಲೇ ಮರಿ ಹಾಕ್ತದ. ಆ ಮರಿ ಈ ಜೀವದ ಹೊಟ್ಟ್ಯಾಗ ಸೇರ್ತದ, ನೀರು ಕುಡಿದವರ ಹೊಟ್ಟಿಗೆ ಹೋಗ್ತದ. ಇವತ್ತ ಕುಡಿದದ್ದು ಬರೋ ವರ್ಷ ಇದೇ ಹೊತ್ತಿಗೆ ಕಾಲಾಗ ಏಳ್ತದ," ಎಂದರು. ಬಾಲಪ್ಪನ ಕತೆಗೂ ಈ ವಿಜ್ಞಾನಕ್ಕೂ ನಡುವೆ ದೂರ ಬಹಳ ಇರಲಿಲ್ಲ.

ಮೂರು ದಿನ ಮನೆಮನೆ ತಿರುಗಿದೆವು. ನಲವತ್ತೊಂದು ಮನೆ. ಒಂದು ದೊಡ್ಡ ಹಾಳೆಯ ಮೇಲೆ ಊರಿನ ನಕ್ಷೆ ಬರೆದು, ಈ ಮೂರು ವರ್ಷದಲ್ಲಿ ಒಬ್ಬರಿಗಾದರೂ ನಾರು ಎದ್ದ ಮನೆಗೆ ಕೆಂಪು ಶಾಯಿಯ ಚುಕ್ಕಿ ಇಡುವುದು ನನ್ನ ಕೆಲಸ. ಕೈ ಅಲುಗಾಡದಂತೆ ಒಂದೇ ಅಳತೆಯ ಚುಕ್ಕಿ ಇಡುವುದರಲ್ಲಿ ನನಗೆ ಸಣ್ಣ ಜಂಬವೂ ಇತ್ತು. ಮೂರನೇ ಸಂಜೆ ನೋಡುತ್ತೇನೆ, ನಲವತ್ತು ಮನೆ ಕೆಂಪಾಗಿವೆ. ಬಿಳಿಯಾಗಿ ಉಳಿದದ್ದು ಒಂದೇ ಮನೆ, ನಮ್ಮದು.

ಡಾಕ್ಟರಿಗೆ ಹಿಗ್ಗೋ ಹಿಗ್ಗು. ನೇರವಾಗಿ ನಮ್ಮ ಮನೆಗೆ ಬಂದು ನನ್ನ ಅವ್ವನ ಎದುರು ಕೂತರು. ಅವ್ವನ ಹೆಸರು ಹಣಮಂತಮ್ಮ. ಅವಳ ತವರು ಹೊಳೆದಂಡೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ಎರಡೆಕರೆ ಹೊಲವನ್ನೂ ಒಬ್ಬಳೇ ಸಾಕಿದವಳು.

"ನೀವು ಬಾವಿ ನೀರು ಕುಡಿಯೋದಿಲ್ಲೇನವ್ವಾ?"

"ಹಳ್ಳದ ಒರತಿ ನೀರ ತರ್ತೀನ್ರಿ. ಬಾವಿ ನೀರಾಗ ಬ್ಯಾಳಿ ಬೇಯಂಗಿಲ್ಲ."

"ಯಾವಾಗಿಂದ?"

ಅವ್ವ ಒಲೆಯ ಕಡೆ ತಿರುಗಿ, "ಭಾಳ ದಿನ ಆತ್ರಿ," ಎಂದಳು.

ಆದರೆ ನನಗೆ ನೆನಪಿತ್ತು. ಅದು ಅಂಬಣ್ಣ ಬಾಗಿಲು ತಟ್ಟಿದ ಬೇಸಿಗೆ. ಎರಡು ಮೈಲಿ ನಡೆದು, ಮರಳು ತೋಡಿ, ಚಿಪ್ಪಿನಿಂದ ಕೊಡ ತುಂಬಿ ತರುವ ಕೆಲಸವನ್ನು ಅವ್ವ ನನಗೆ ಹಚ್ಚಿದ್ದಳು. ಮನೆಯ ಹಿಂದೆಯೇ ಬಾವಿ ಇರುವಾಗ ಇದೇನು ಹುಚ್ಚು ಎಂದು ನಾನು ದಿನಾ ಬೈದುಕೊಂಡಿದ್ದೆ. ಅದಕ್ಕೂ ಹಿಂದೆ ಇಪ್ಪತ್ತು ವರ್ಷ ಅದೇ ಬಾವಿ ನೀರಿನಲ್ಲಿ ನಮ್ಮ ಬೇಳೆ ಚೆನ್ನಾಗಿಯೇ ಬೆಂದಿತ್ತು. ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದರೆ, ಅವ್ವನ ಬೆನ್ನು ನೋಡಿ ನನಗೆ ಹೆದರಿಕೆಯಾಯಿತು.

ಮರುದಿನ ಡಾಕ್ಟರು ಆ ನಕ್ಷೆಯನ್ನು ಚಾವಡಿಯ ಗೋಡೆಗೆ ಹಚ್ಚಿಸಿದರು, ಜನ ನೋಡಿ ತಿಳಿಯಲಿ ಎಂದು. "ಈ ಒಂದು ಮನಿ ನೋಡ್ರಿ. ಈ ಮನಿಯವರಿಗೆ ಏನು ಗೊತ್ತದೋ ಅದು ಎಲ್ಲರಿಗೂ ಗೊತ್ತಾದ್ರ ನಿಮ್ಮ ಊರು ಉಳೀತದ," ಎಂದು ಹೇಳಿ, ಬಾವಿಯ ಮೆಟ್ಟಿಲು ಮುಚ್ಚಿಸುವ ಅಪ್ಪಣೆ ತರಲು ಸುರಪುರಕ್ಕೆ ಹೋದರು. ಆ ತಾಯಿ ಕಲಿತವಳು, ಮನಸ್ಸು ಒಳ್ಳೆಯದು. ಆದರೆ ನಮ್ಮ ಸೀಮೆಯಲ್ಲಿ ಚಾವಡಿ ಗೋಡೆಗೆ ಹಚ್ಚಿದ ಕಾಗದ ಅಂದರೆ ಹುಕುಂ ಎಂಬುದು ಅವರಿಗೆ ತಿಳಿಯದು. ಎಷ್ಟೋ ತಲೆಮಾರಿನಿಂದ ಅಲ್ಲಿ ಹಚ್ಚಿದ ಕಾಗದದಲ್ಲಿ ಇರುತ್ತಿದ್ದದ್ದು ಒಂದೇ: ಯಾರು ತಪ್ಪಿತಸ್ಥರು, ಯಾರ ಹೊಲ ಜಪ್ತಿ, ಯಾರಿಗೆ ಸಮನ್ಸು. ಓದಲು ಬಾರದ ಜನ ನಕ್ಷೆಯನ್ನೂ ಹಾಗೆಯೇ ಓದಿದರು. ನಲವತ್ತು ಮನೆಗೆ ರಕ್ತದ ಚುಕ್ಕಿ, ಒಂದು ಮನೆ ಬಿಟ್ಟಿದ್ದಾರೆ. ಅಂದಮೇಲೆ ಮಾಡಿದವಳು ಯಾರೆಂದು ಸರಕಾರವೇ ಬರೆದು ಹಚ್ಚಿದೆ. ಇಷ್ಟಾಗಿ ಆ ಚುಕ್ಕಿ ಇಟ್ಟವನು ಅವಳ ಮಗನೇ. ಸಾಕ್ಷಿ ಇನ್ನೇನು ಬೇಕು?

ಬಾಲಪ್ಪ ಅರ್ಧ ಊರನ್ನು ಹಿಂದೆ ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬಂದ. ಅವನ ಎಡಗಾಲಿಗೂ ನಾರಿನ ಸೀಳು ಕಟ್ಟಿತ್ತು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಕೂಗಾಡಲು ಬರುತ್ತಿತ್ತು.

"ಹಣಮಂತಮ್ಮ, ಅಂಬಣ್ಣ ನಿನ್ನ ತವರ ಕಡ್ಯಾಂವ. ಎಲ್ಲಾರ ಮನಿ ಹೊಕ್ಕಾಂವ ನಿನ್ನ ಮನಿ ಯಾಕ ಬಿಟ್ಟಾನ? ನೀ ಅವಗ ಏನೋ ಹೇಳಿ ಕಳಿಸಿದಿ. ಅಲ್ಲಂದ್ರ ಬಾ, ಗಂಗವ್ವನ ಆಣಿ ಮಾಡಿ ಬಾವಿ ನೀರ ಒಂದ ತಂಬಗಿ ಕುಡಿ. ಕುಡಿದ್ಯೋ, ನೀ ನಮ್ಮಾಕಿ. ಇಲ್ಲಾಂದ್ರ ಅಮಾಸಿಯೊಳಗ ತಾಯಿ ಮಗ ಊರ ಬಿಡ್ರಿ."

"ಆ ನೀರಾಗ ಹುಳಾ ಅದಾವ! ನಾ ಕಣ್ಣಾರೆ ನೋಡೇನಿ," ಎಂದು ನಾನು ಮುಂದೆ ಬಂದೆ.

"ನಾವೆಲ್ಲಾ ದಿನಾ ಕುಡಿಯೋದು ಅದ ನೀರ," ಎಂದ ಬಾಲಪ್ಪ. "ನಿಮ್ಮವ್ವನ ಗಂಟಲ ಏನ್ ಬ್ಯಾರೆ ಐತೇನು?"

ಕುಡಿಯುವುದಿಲ್ಲ ಎಂದರೆ ತಪ್ಪೊಪ್ಪಿದಂತೆ. ಕುಡಿದರೆ ವರ್ಷ ತಿರುಗುವುದರೊಳಗೆ ನಾರು. ಡಾಕ್ಟರು ಬರುವವರೆಗೆ ಹೇಗಾದರೂ ತಡೆಯಬೇಕು ಎಂದು ನಾನು ಬಾಯಿಗೆ ಬಂದದ್ದೆಲ್ಲಾ ಹೇಳುತ್ತಿದ್ದೆ. ಅಷ್ಟರಲ್ಲಿ ಅವ್ವ ತಾಮ್ರದ ತಂಬಿಗೆ ತೆಗೆದುಕೊಂಡು ಹೊರಟೇಬಿಟ್ಟಿದ್ದಳು.

ನಡುಮಧ್ಯಾಹ್ನ. ಮೂರು ವರ್ಷದಿಂದ ಆ ಹೊತ್ತಿನಲ್ಲಿ ಯಾರೂ ಬಾವಿಗೆ ಇಳಿದಿರಲಿಲ್ಲ. ಊರು ಊರೇ ಮೇಲೆ ನಿಂತಿತ್ತು, ಒಂದು ಕೂಸಿನ ಅಳುವೂ ಇಲ್ಲ. ಅವ್ವ ಒಬ್ಬಳೇ ಇಳಿದಳು. ಬಿಸಿಲು ನೇರ ಬಿದ್ದು ನೀರು ಹಸಿರಾಗಿ ಹೊಳೆಯುತ್ತಿತ್ತು. ಎದುರಿನ ಗೂಡಿನ ಬಾಯಿ ಮಾತ್ರ ಕಪ್ಪಗೆ. ಅವಳು ಬಗ್ಗಿದಾಗ ಆ ಕಪ್ಪಿನೊಳಗಿಂದ ಸಪ್ಪಳ ಬಂತು, ಯಾರೋ ಮೆಲ್ಲಗೆ ನೀರಿಗೆ ಕಾಲು ಇಳಿಬಿಟ್ಟ ಸಪ್ಪಳ. ಬುಳಕ್. ಗೂಡಿನ ಕಡೆಯಿಂದ ಒಂದು ಅಲೆ ಹೊರಟು ಅವ್ವನ ಮೆಟ್ಟಿಲವರೆಗೆ ಬಂದು ನಿಂತಿತು. ಬಾವಲಿಯೋ, ಕಪ್ಪೆಯೋ, ನಾನು ಹೇಳಲಾರೆ. ಎಲ್ಲರೂ ಕೇಳಿದರು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಅವ್ವ ಸರಿಯಲಿಲ್ಲ. ಗೂಡಿನ ಕಡೆ ನೋಡಿ, ಮನೆಗೆ ಬಂದವರನ್ನು ನೋಡಿ ತಲೆಯಾಡಿಸುವಂತೆ ಒಮ್ಮೆ ತಲೆಯಾಡಿಸಿದಳು.

ನಾನು ಓಡಿ ಇಳಿದು ತಂಬಿಗೆ ಹಿಡಿದುಕೊಂಡೆ. "ಸೆರಗಿನಾಗರ ಸೋಸಿ ಕುಡಿಯವ್ವಾ," ಎಂದು ಪಿಸುಗುಟ್ಟಿದೆ. ಬಟ್ಟೆಯಲ್ಲಿ ಸೋಸಿದರೆ ಆ ಜೀವಗಳು ಮೇಲೇ ಉಳಿಯುತ್ತವೆ ಎಂದು ಡಾಕ್ಟರು ಹೇಳಿದ್ದರು. ಸೆರಗು ಮುಚ್ಚಿ ಕುಡಿದರೆ ಮೇಲಿನವರಿಗೆ ಗೊತ್ತೂ ಆಗುತ್ತಿರಲಿಲ್ಲ. ಅವ್ವ ನನ್ನ ಕೈ ಬಿಡಿಸಿದಳು. ಸೆರಗನ್ನು ಬೆನ್ನ ಹಿಂದೆ ತಳ್ಳಿ, ತಂಬಿಗೆ ಎತ್ತಿ, ಒಂದು ಹನಿ ಚೆಲ್ಲದೆ ಕುಡಿದಳು. ಅವಳ ಗಂಟಲು ಏಳುವುದು ಇಳಿಯುವುದು ನೋಡುತ್ತಾ ನಿಂತೆ. ನನಗೆ ಆ ಹನಿಯೊಳಗಿನ ಒಂಟಿ ಕಣ್ಣುಗಳೇ ಕಾಣುತ್ತಿದ್ದವು.

ಅವತ್ತು ಸಂಜೆ ಕೇಳಿದೆ. ಸಿಟ್ಟು ಬಂದಿತ್ತು, ದನಿ ಏರಿಸಿಯೇ ಕೇಳಿದೆ. "ಸೋಸು ಅಂದೆ, ಯಾಕ ಸೋಸಲಿಲ್ಲ?"

ಅವ್ವ ರೊಟ್ಟಿ ತಟ್ಟುವುದು ನಿಲ್ಲಿಸಲಿಲ್ಲ. ತಟ್ಟುತ್ತಲೇ ಹೇಳಿದಳು.

"ಅಂವ ಬಾಗಲಾ ತಟ್ಟಿದ ರಾತ್ರಿ ನೀ ಮಕ್ಕೊಂಡ ಮ್ಯಾಲ ಹೊರಗ ಹೋದ್ನಿ. ಕಟ್ಟಿಗಿ ಬಣವಿ ಹಿಂದ ಕುಂತಿದ್ದ. ಮನ್ಯಾಗ ಕರಕೊಂಡ್ರ ನಿನ್ನ ಜೀವಕ್ಕ ಕುತ್ತು. ಅದಕ್ಕ ಬಾವಿ ಗೂಡಿನಾಗ ಇಟ್ನಿ. ಹತ್ತೊಂಬತ್ತ ದಿನಾ ಯಾರೂ ಇಲ್ಲದಾಗ ಗ್ವಾಡಿ ಕಲ್ಲ ಹಿಡಕೊಂಡು ರೊಟ್ಟಿ ಒಯ್ದೇನಿ. ಕಾಲಾಗ ನಾರು ಎದ್ದಿತ್ತು ಅವಗ. ಉರಿ ತಾಳಲಾರದ ನೀರಾಗ ಕಾಲ ಬಿಡ್ತಿದ್ದ. ಬಿಟ್ಟಾಗ ಕಾಲಾಗಿಂದ ಬೆಳ್ಳಗ, ಒಡದ ಹಾಲಿನಂಗ ಹರಡ್ತಿತ್ತು ನೀರ ತುಂಬ. ಒಮ್ಮೆ ನೋಡಿದ್ನಿ. ನೋಡಿದ ಮ್ಯಾಲ ಆ ನೀರ ನಿನಗ ಕುಡಸಾಕ ಮನಸ ಬರಲಿಲ್ಲ."

"ಊರಿಗೆ?"

"ಊರಿಗಿ ಹೇಳಿದ್ರ ಯಾಕಂತ ಕೇಳ್ತಿದ್ರು. ಅಂವ ಸಿಗ್ತಿದ್ದ. ಹಿಂಗಾಗತೈತಂತ ನನಗ ಏನ್ ಗೊತ್ತಿತ್ತು? ಆದ್ರ ಹೊಲಸ ಆಗೇತಿ ಅಂತ ಗೊತ್ತಿತ್ತಲ್ಲ. ನಿನಗ ಒರತಿ ನೀರ ಕುಡಿಸಿ ಊರ ಮಂದಿಗಿ ಅದನ್ನ ಕುಡ್ಯಾಕ ಬಿಟ್ನಿ. ಶೇಖಮ್ಮನ ಮಮ್ಮಗಳು ನಾರು ಹರದು ಸತ್ಲು, ಆರ ವರ್ಷದಾಕಿ. ಬಾಲಪ್ಪ ಹೇಳೂದು ಅರ್ಧಾ ಖರೆ ಐತಿ, ಬಸು."

"ಮುಂದೆ ಅವನೇನಾದ?"

"ಇಪ್ಪತ್ತನೇ ದಿನಾ ಹೋದ್ರ ಗೂಡಿನಾಗ ಇರಲಿಲ್ಲ. ಮ್ಯಾಲ ಹತ್ತಿ ಹೋದನೋ, ಕೆಳಗ ಇಳದನೋ, ಆ ಗಂಗವ್ವಗ ಗೊತ್ತು."

ನನಗೆ ಅವಳ ಮೇಲೆ ಸಿಟ್ಟು ಮಾಡಬೇಕೋ, ಅವಳ ಕಾಲಿಗೆ ಬೀಳಬೇಕೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ, ರೊಟ್ಟಿ ತಿಂದೆ. ಆ ಹೊತ್ತಿಗೆ ನಾನು ಬದುಕಿ, ಎರಡು ಕಾಲಿನ ಮೇಲೆ ಗಟ್ಟಿಯಾಗಿ ನಿಂತಿದ್ದದ್ದು ಆ ಮೌನದಿಂದಲೇ.

ಎರಡು ದಿನ ಬಿಟ್ಟು ಡಾಕ್ಟರು ಅಪ್ಪಣೆ ಹಿಡಿದು ಬಂದರು. ನಡೆದದ್ದು ಕೇಳಿ ತಾವೇ ಎದ್ದು ಹೋಗಿ ಗೋಡೆಯ ನಕ್ಷೆ ಬಿಚ್ಚಿದರು. ಔಷಧ ಕೊಡಿ ಎಂದು ಕೈಮುಗಿದೆ. "ಒಳಗ ಹೋದ ಮ್ಯಾಲ ಇದಕ್ಕ ಔಷಧ ಇಲ್ಲ ಬಸವಂತ್ರಾಯ. ಕಾಯಬೇಕು," ಎಂದು ಹೇಳಿ ಬೇರೆ ಕಡೆ ನೋಡಿದರು.

ಬಾವಿ ಬರಿದು ಮಾಡಿಸಿದರು. ನಾಲ್ಕು ಜೊತೆ ಎತ್ತು, ನೀರೆಳೆಯುವ ತೊಗಲಿನ ಕಪಿಲೆ, ಮೂರು ದಿನ. ನೀರು ಇಳಿದಂತೆ ಜನ ಹೆಚ್ಚಾದರು. ಅಂಬಣ್ಣನ ಎಲುಬು ಸಿಗುತ್ತದೆ, ಹೊಳೆಗೆ ಒಯ್ದು ಬಿಟ್ಟರೆ ಊರು ಶಾಂತವಾಗುತ್ತದೆ ಎಂದು ಎಲ್ಲರ ಆಸೆ. ಬಾಲಪ್ಪ ಕುಂಕುಮ ಭಂಡಾರ ತಂದು ಇಟ್ಟುಕೊಂಡಿದ್ದ. ತಳದಲ್ಲಿ ಸಿಕ್ಕದ್ದು ಕೆಸರು, ಒಡೆದ ಕೊಡ, ಯಾವಳೋ ಕಳೆದುಕೊಂಡ ಕಾಲುಂಗುರ. ಎಲುಬು ಒಂದೂ ಇಲ್ಲ. ಗೂಡಿನೊಳಗೆ ದೀಪ ಹಿಡಿದು ನಾನೇ ಹೋದೆ. ಕಲ್ಲಿನ ಸಂದಿಯಲ್ಲಿ ಒಂದು ಜೋಳದ ಸೀಳು ಇತ್ತು. ಅದಕ್ಕೆ ಒಣಗಿದ ನಾರು ಅರ್ಧ ಸುತ್ತಿತ್ತು, ಉಳಿದರ್ಧ ಹರಿದಿತ್ತು.

"ಬಾವ್ಯಾಗ ಇಲ್ಲಂದ್ರ ಎಲ್ಲಿ ಹ್ವಾದ?" ಎಂದು ಯಾರೋ ಕೇಳಿದರು. ನಿಂತವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ ತಮ್ಮ ತಮ್ಮ ಕಾಲು ನೋಡಿಕೊಂಡರು. ನಾನೂ ನೋಡಿಕೊಂಡೆ, ಸುಳ್ಳೇಕೆ ಹೇಳಲಿ.

ಮೆಟ್ಟಿಲಿಗೆ ಗೋಡೆ ಕಟ್ಟಿ, ಮೇಲೆ ಕಟ್ಟೆ ಏರಿಸಿ, ನೀರು ಸೇದುವ ಗಡಗಡಿ ಹಾಕಿದರು. ಕಾಲು ತೊಳೆಯುವುದು ಕಟ್ಟೆಯ ಹೊರಗೆ. ಕೆಳಗಿನ ಕೇರಿಯವರಿಗೆ ಬೇರೆ ಹಗ್ಗ ಎಂದು ಬಾಲಪ್ಪ ಹಟ ಮಾಡಿದ, ಡಾಕ್ಟರು ಒಂದೇ ಹಗ್ಗ ಎಂದರು, ಎರಡು ಹಗ್ಗವಾಯಿತು. ಎಲ್ಲ ರೋಗಕ್ಕೂ ಸಂಶೋಧನೆ ಇಲ್ಲ.

ಅವ್ವ ನೀರು ಕುಡಿದಳಲ್ಲ, ಊರು ಮಾತಿನಂತೆ ನಡೆದುಕೊಂಡಿತು, ನಮ್ಮನ್ನು ಓಡಿಸಲಿಲ್ಲ. ಆದರೆ ಯಾರೂ ಬರಲೂ ಇಲ್ಲ. ಬೆಂಕಿ ಕೇಳಲು, ಮಜ್ಜಿಗೆ ಕೇಳಲು ಒಂದು ನರಪಿಳ್ಳೆಯೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕುಡಿದದ್ದನ್ನು ನೋಡಿದ್ದಾರೆ, ಆದರೂ ಅವಳ ಕಾಲು ನೆಟ್ಟಗಿದೆಯಲ್ಲ ಎಂಬ ಗುಮಾನಿ. ಯಾದಗಿರಿಯಿಂದ ತಿಂಗಳಿಗೊಮ್ಮೆ ಬಂದಾಗಲೆಲ್ಲ ನಾನು ಮೊದಲು ಅವಳ ಮುಖ ನೋಡುತ್ತಿರಲಿಲ್ಲ, ಶೇಖಮ್ಮನ ಹಾಗೆ ಕಾಲು ನೋಡುತ್ತಿದ್ದೆ. ಯುಗಾದಿ ಬಂತು, ಹೋಯಿತು. ಎಲ್ಲರಿಗೂ ಎದ್ದೇ ಏಳುತ್ತದೆ ಎಂದೇನಿಲ್ಲ, ಡಾಕ್ಟರೇ ಹೇಳಿದ್ದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

೧೯೫೨ರ ವೈಶಾಖದಲ್ಲಿ ಡಾಕ್ಟರು ಎರಡನೇ ಸಲ ಎಣಿಕೆಗೆ ಬಂದರು. ಬಾವಿಯ ಮೆಟ್ಟಿಲು ಮುಚ್ಚುವ ಮೊದಲು ಕುಡಿದವರಿಗೆ ಈ ವರ್ಷವೂ ಏಳುತ್ತದೆ, ಬರುವ ವರ್ಷ ಒಬ್ಬರಿಗೂ ಏಳುವುದಿಲ್ಲ ಎಂದು ಅವರ ಲೆಕ್ಕ. ಆ ಲೆಕ್ಕ ಮುಂದೆ ನಿಜವೂ ಆಯಿತು. ನಾನು ಹಳೆಯ ನಕ್ಷೆಯ ಸುರುಳಿ ಬಗಲಲ್ಲಿಟ್ಟುಕೊಂಡು ಮನೆಗೆ ಬಂದೆ. ಅಂಗಳದಲ್ಲಿ ಏಳೆಂಟು ಜೊತೆ ಚಪ್ಪಲಿ. ಒಳಗೆ ಹೆಂಗಸರ ಮಾತು, ಅರಿಶಿನದ ವಾಸನೆ. ವರ್ಷದಿಂದ ಹೊಸ್ತಿಲು ತುಳಿಯದವರೆಲ್ಲ ಒಳಗೆ ಕೂತಿದ್ದರು. ಬಾಲಪ್ಪನ ಹೆಂಡತಿ ಬೇವಿನ ಸೊಪ್ಪು ಅರೆಯುತ್ತಿದ್ದಳು. ನಡುವೆ ಅವ್ವ, ಅವಳ ಕಾಲ ಬುಡದಲ್ಲಿ ಶೇಖಮ್ಮ, ಕೈಯಲ್ಲಿ ಜೋಳದ ಸೀಳು.

"ನಮ್ಮಾಕಿ ತಗೋ ಇಕಿ," ಎನ್ನುತ್ತಿದ್ದಳು ಬಾಲಪ್ಪನ ಹೆಂಡತಿ, "ಸುಮ್ಮನ ಒಂದ ವರ್ಷ ಏನೇನೋ ಅಂದ್ಕೊಂಡ್ವಿ." ಹೇಳುತ್ತಾ ಕಣ್ಣು ಒರೆಸಿಕೊಂಡಳು, ನಿಜವಾದ ಕಣ್ಣೀರೇ. ನನಗೆ ಆ ಸೊಪ್ಪಿನ ಗುಂಡನ್ನು ಎತ್ತಿ ಅಂಗಳಕ್ಕೆ ಎಸೆಯಬೇಕೆನಿಸಿತು.

ಅವ್ವ ಹಲ್ಲು ಕಚ್ಚಿ ಕಾಲನ್ನು ಎತ್ತಿ ಎದುರಿನ ನೀರಿನ ಬೋಗುಣಿಗೆ ಇಳಿಬಿಟ್ಟಳು. ಬುಳಕ್. ಅದೇ ಸಪ್ಪಳ. ಕೋಣೆಯಲ್ಲಿದ್ದ ಎಲ್ಲ ಹೆಂಗಸರ ಮಾತು ಒಮ್ಮೆಲೇ ನಿಂತಿತು. ಬೋಗುಣಿಯ ನೀರಿನಲ್ಲಿ ಒಡೆದ ಹಾಲಿನಂಥದು ಮೆಲ್ಲಗೆ ಹರಡಿತು. ಅವ್ವ ಅದನ್ನೇ ನೋಡುತ್ತಾ, ಯಾರಿಗೂ ಕೇಳದಷ್ಟು ಮೆಲ್ಲಗೆ, "ಬಂದ್ಯೇನು ಅಂಬಣ್ಣಾ? ತಡಾ ಮಾಡಿದಿ," ಎಂದಳು. ಹತ್ತಿರ ಕೂತ ನನಗೆ, ಮತ್ತು ಆರು ವರ್ಷದ ಮಮ್ಮಗಳನ್ನು ಕಳೆದುಕೊಂಡ ಶೇಖಮ್ಮನಿಗೆ ಮಾತ್ರ ಕೇಳಿತು. ಶೇಖಮ್ಮ ಆಗ ಮೊದಲ ಸಲ ತಲೆ ಎತ್ತಿ ಅವ್ವನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ತಗ್ಗಿಸಿ, ದಾರ ಹರಿಯದ ಹಾಗೆ, ಎರಡು ಬೆರಳಷ್ಟು ಸುತ್ತಿದಳು.

ಹೆಂಗಸರು ಎದ್ದು ಹೋದ ಮೇಲೆ ಅವ್ವ ನನ್ನ ಬಗಲಲ್ಲಿದ್ದ ಸುರುಳಿ ಕೇಳಿದಳು. ನೆಲದ ಮೇಲೆ ಬಿಡಿಸಿದೆ. ಓದು ಬಾರದಿದ್ದರೂ ನಮ್ಮ ಮನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಬೆರಳು ಅಲ್ಲಿಟ್ಟು, "ಇಡು," ಎಂದಳು.

ಶಾಯಿ ತೆಗೆದೆ. ಸಾಸಿವೆಯಷ್ಟು ಇಟ್ಟು ಕೈ ಹಿಂದೆ ತೆಗೆದೆ.

ಅವ್ವ ಬಗ್ಗಿ ನೋಡಿದಳು.

"ಸಣ್ಣದ ಮಾಡಬ್ಯಾಡ ಬಸು," ಎಂದಳು. "ಎಲ್ಲಾರಿಗಿ ಎಷ್ಟ ಇಟ್ಟಿದಿ, ನನಗೂ ಅಷ್ಟ ಇಡು."